ಎತ್ತರಿಸಿದ ಮಾತ್ರಕ್ಕೆ ಗಟ್ಟಿಯಾಗದು



ನಮ್ಮ ಗ್ಯಾರೇಜುಗಳಲ್ಲಿ ಈಗ ಒಂದು ಹೊಸ ಮೂಢನಂಬಿಕೆ ಬೇರೂರಿದೆ. ಬೈಕಿನ ಹಿಂಭಾಗವನ್ನು ಎತ್ತರಿಸಿದರೆ ಅದು ಹೆಚ್ಚು ಭಾರ ಹೊರುತ್ತದೆ ಎಂಬುದೇ ಆ ನಂಬಿಕೆ. ಶಾಕ್ ಅಬ್ಸಾರ್ಬರಿನ ಕೆಳತುದಿಗೆ ಒಂದಿಂಚಿನ ಕಬ್ಬಿಣದ ತುಂಡನ್ನು ಜೋಡಿಸುತ್ತಾರೆ, ಅಥವಾ ಬೇರೊಂದು ಬೈಕಿನ ಉದ್ದನೆಯ ಶಾಕ್ ತಂದು ಕೂಡಿಸುತ್ತಾರೆ. 'ಈಗ ನೋಡಿ ಸಾರ್, ಎಷ್ಟು ಲೋಡ್ ಬೇಕಾದರೂ ಹಾಕಿ' ಎನ್ನುತ್ತಾರೆ. ಮಾಲೀಕನು ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾನೆ. ಗಾಡಿ ಎದೆ ಸೆಟೆಸಿ ನಿಂತಂತೆ ಕಾಣುತ್ತದೆ. ಸಂತೋಷದಿಂದ ಹಣ ಕೊಟ್ಟು ಹೊರಡುತ್ತಾನೆ. ಅವನು ಕೊಂಡದ್ದು ಬರಿಯ ಎತ್ತರವನ್ನು ಮಾತ್ರ, ಬಲವನ್ನಲ್ಲ ಎಂಬುದನ್ನು ಅವನಿಗೆ ಹೇಳುವವರು ಯಾರೂ ಇಲ್ಲ.

ಭೌತಶಾಸ್ತ್ರದ ಮೇಷ್ಟ್ರಿಗೆ ಗ್ಯಾರೇಜಿನ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರಾದರೂ ನಗಬಹುದು. ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ದೀರ್ಘವಾದ ಪತ್ರ ಬರೆದಿದ್ದಾನೆ. ಅವನ ತಾಯಿಯವರಿಗೆ ಮೊಣಕಾಲಿನ ನೋವು. ಬೈಕಿನ ಹಿಂದಿನ ಸೀಟನ್ನು ಏರಲು ಆಗದು. ಬಸ್ಸಿನ ಮೆಟ್ಟಿಲೂ ಕಷ್ಟ. ಅವರನ್ನು ಶೃಂಗೇರಿಗೂ ಅಲ್ಲಿಂದ ಆಗುಂಬೆಯ ಮಾರ್ಗವಾಗಿ ಉಡುಪಿಗೂ ಕರೆದೊಯ್ಯಬೇಕೆಂದು ದೂರ ಪ್ರಯಾಣದ ತನ್ನ ಬೈಕಿಗೆ ಸೈಡ್‌ಕಾರ್ ಜೋಡಿಸಿಕೊಂಡಿದ್ದಾನೆ. ತಾಯಿ, ಸಾಮಾನು ಎಲ್ಲ ಸೇರಿದಾಗ ಬೈಕಿನ ಹಿಂಭಾಗ ಕುಸಿಯುತ್ತಿದೆ. ಮೆಕ್ಯಾನಿಕ್ ಒಂದಿಂಚು ಎತ್ತರಿಸುವ ಸಲಹೆ ಕೊಟ್ಟಿದ್ದಾನಂತೆ. 'ಮಾಡಿಸಲೇ ಸಾರ್?' ಎಂದು ಕೇಳಿದ್ದಾನೆ. ಅವನಿಗೆ ಬರೆದ ಉತ್ತರ ಅವನೊಬ್ಬನಿಗೆ ಮಾತ್ರ ಉಪಯೋಗವಾಗಬಾರದೆಂದು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಉತ್ತರ ಒಂದೇ ಪದದಲ್ಲಿದೆ: ಬೇಡ. ಏಕೆ ಬೇಡ ಎಂಬುದಕ್ಕೆ ಮಾತ್ರ ಹಲವು ಪುಟಗಳು ಬೇಕು.

ಸೈಡ್‌ಕಾರ್ ಎಂದೊಡನೆ ನಮ್ಮವರಿಗೆ 1975ರ 'ಶೋಲೆ' ನೆನಪಾಗುತ್ತದೆ. ಬಹುಪಾಲು ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ಆ ಸಿನಿಮಾದ ಗೆಳೆತನದ ಹಾಡಿನಲ್ಲಿ ಸೈಡ್‌ಕಾರ್ ಬೈಕಿನಿಂದ ಬೇರ್ಪಟ್ಟು, ಮತ್ತೆ ಬಂದು ಕೂಡಿಕೊಳ್ಳುತ್ತದೆ. ಸಿನಿಮಾಕ್ಕೆ ಅದು ಚೆನ್ನ. ನಿಜವಾದ ರಸ್ತೆಯಲ್ಲಿ ಬೈಕು ಮತ್ತು ಸೈಡ್‌ಕಾರ್ ಎರಡು ವಾಹನಗಳಲ್ಲ, ಬೋಲ್ಟುಗಳಿಂದ ಬಿಗಿದ ಒಂದೇ ದೇಹ. ಒಂದು ಕಡೆ ಮಾಡಿದ ಬದಲಾವಣೆ ಇನ್ನೊಂದು ಕಡೆ ಕಾಣಿಸಿಕೊಂಡೇ ತೀರುತ್ತದೆ. ನನ್ನ ಇಡೀ ವಾದದ ತಿರುಳು ಇಷ್ಟೇ.

ಸ್ಪ್ರಿಂಗು ಸುಳ್ಳು ಹೇಳುವುದಿಲ್ಲ

ಮೊದಲು ಕುಸಿತದ ವಿಚಾರ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ನೀವೆಲ್ಲರೂ ಓದಿದ್ದೀರಿ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೀರಿ. ಸ್ಪ್ರಿಂಗು ಎಷ್ಟು ಕುಗ್ಗುತ್ತದೆ ಎಂಬುದು ಅದರ ಮೇಲೆ ಬಿದ್ದ ಬಲಕ್ಕೆ ಅನುಪಾತದಲ್ಲಿರುತ್ತದೆ. ಆ ಅನುಪಾತವನ್ನು ನಿರ್ಧರಿಸುವುದು ಸ್ಪ್ರಿಂಗಿನ ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ, ಲೋಹದ ಗುಣ. ಸ್ಪ್ರಿಂಗು ನೆಲದಿಂದ ಎಷ್ಟು ಎತ್ತರದಲ್ಲಿ ಕುಳಿತಿದೆ ಎಂಬ ಅಂಶ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಒಂದು ಲೆಕ್ಕ ಮಾಡೋಣ. ಹಿಂದಿನ ಎರಡು ಶಾಕ್‌ಗಳಲ್ಲಿ ಪ್ರತಿಯೊಂದರ ಸ್ಪ್ರಿಂಗೂ ಒಂದು ಮಿಲಿಮೀಟರ್ ಕುಗ್ಗಲು 20 ನ್ಯೂಟನ್ ಬಲವನ್ನು ಬೇಡುತ್ತದೆ ಎಂದಿಟ್ಟುಕೊಳ್ಳಿ. ಎರಡೂ ಸೇರಿ 40 ನ್ಯೂಟನ್. ಶಾಕ್‌ಗಳು ಚಕ್ರದ ಅಚ್ಚಿನ ಬಳಿಯಲ್ಲೇ ಇವೆಯೆಂದು ಭಾವಿಸಿ. ಹಿಂಚಕ್ರದ ಮೇಲೆ 60 ಕಿಲೋ ಹೆಚ್ಚುವರಿ ಭಾರ ಬಿತ್ತು. ಅಂದರೆ ಸುಮಾರು 590 ನ್ಯೂಟನ್. 40ರಿಂದ ಭಾಗಿಸಿದರೆ ಹಿಂಭಾಗ ಸುಮಾರು 15 ಮಿ.ಮೀ. ಕುಸಿಯುತ್ತದೆ.

ಈಗ ಒಂದಿಂಚಿನ ತುಂಡು ಹಾಕಿ. ಅದೇ 60 ಕಿಲೋ ಹೇರಿ. ಎಷ್ಟು ಕುಸಿಯುತ್ತದೆ? ಅದೇ 15 ಮಿ.ಮೀ. ಹೊಂಡಕ್ಕೆ ಇಳಿದಾಗ ಶಾಕ್ ಪೂರ್ತಿ ಕುಗ್ಗಿ ಅಡಿ ಬಡಿಯುತ್ತಿತ್ತಲ್ಲ, ಈಗಲೂ ಅಷ್ಟೇ ಬಲಕ್ಕೆ ಅಡಿ ಬಡಿಯುತ್ತದೆ. ಮೊದಲು ತಗ್ಗಿನಲ್ಲಿ ನಿಂತು ಬಡಿಯುತ್ತಿದ್ದುದು ಈಗ ಒಂದಿಂಚು ಮೇಲೆ ನಿಂತು ಬಡಿಯುತ್ತದೆ. ಆದ ಸುಧಾರಣೆ ಇಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ದೊರೆತಿಲ್ಲ. ರೋಗ ಸ್ಪ್ರಿಂಗಿನಲ್ಲಿದೆ, ಚಿಕಿತ್ಸೆ ಶಾಕಿನ ಉದ್ದಕ್ಕೆ ನಡೆಯುತ್ತಿದೆ.

ಇದರ ಬದಲಿಗೆ ಪ್ರತಿ ಮಿಲಿಮೀಟರಿಗೆ 28 ನ್ಯೂಟನ್ ಬೇಡುವ ಗಡುಸಾದ ಸ್ಪ್ರಿಂಗುಗಳನ್ನು ಹಾಕಿದ್ದರೆ ಅದೇ ಭಾರಕ್ಕೆ ಕುಸಿತ ಹತ್ತೂವರೆ ಮಿ.ಮೀ.ಗೆ ಇಳಿಯುತ್ತಿತ್ತು. ಇದು ಬಲ. ಹಿಂದಿನದು ವೇಷ. ಗಡುಸಾದ ಸ್ಪ್ರಿಂಗು ಹೆಚ್ಚು ರಭಸದಿಂದ ಹಿಂದಕ್ಕೆ ಪುಟಿಯುವುದರಿಂದ ಅದಕ್ಕೆ ತಕ್ಕ ಎಣ್ಣೆಯ ತಡೆಯೂ ಶಾಕ್‌ನಲ್ಲಿರಬೇಕು. ಆದ್ದರಿಂದ ಸ್ಪ್ರಿಂಗು ಮತ್ತು ಶಾಕ್ ಪರಸ್ಪರ ಹೊಂದುವಂಥ ಜೋಡಿಯನ್ನೇ ಕೊಳ್ಳಬೇಕು. ಖರ್ಚು ಹೆಚ್ಚು ಎಂಬುದು ನಿಜ. ಆದರೆ ಅಗ್ಗವೆಂದು ನಿಷ್ಪ್ರಯೋಜಕವಾದದ್ದನ್ನು ಕೊಳ್ಳುವುದು ಉಳಿತಾಯವಲ್ಲ.

ಶಾಕ್‌ನ ಬುಡದಲ್ಲಿ ಸ್ಪ್ಯಾನರ್ ಹಾಕಿ ತಿರುಗಿಸುವ ಮೆಟ್ಟಿಲುಗಳಿರುತ್ತವೆ. ಅದಕ್ಕೆ ಪ್ರಿಲೋಡ್ ಎನ್ನುತ್ತಾರೆ. ಅದನ್ನು ತಿರುಗಿಸಿದರೆ ಸ್ಪ್ರಿಂಗು 'ಟೈಟ್' ಆಗುತ್ತದೆ ಎಂದು ಜನ ನಂಬಿದ್ದಾರೆ. ಅದೂ ಸರಿಯಲ್ಲ. ಸ್ಪ್ರಿಂಗಿನ ಗಡಸುತನ ಇದ್ದಷ್ಟೇ ಇರುತ್ತದೆ; ಬೈಕು ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಹಾಗಿದ್ದರೆ ತಯಾರಕರು ಅದನ್ನು ಕೊಟ್ಟದ್ದೇಕೆ? ಭಾರ ಬಿದ್ದು ಕುಸಿದದ್ದನ್ನು ಮೊದಲಿನ ಮಟ್ಟಕ್ಕೆ ಮರಳಿಸಲು. 1980ರ ದಶಕದ ಹೊಂಡಾ ಗೋಲ್ಡ್‌ವಿಂಗ್ ಪ್ರವಾಸಿ ಬೈಕುಗಳಲ್ಲಿ ಹಿಂದಿನ ಶಾಕ್‌ಗೆ ಗಾಳಿ ತುಂಬಿಸಿ ಹೊಂದಿಸುವ ವ್ಯವಸ್ಥೆಯಿತ್ತು. 2001ರಲ್ಲಿ ಬಂದ 1,800 ಸಿ.ಸಿ. ಮಾದರಿಯಲ್ಲಿ ಗುಂಡಿಯೊತ್ತಿ ಪ್ರಿಲೋಡ್ ಬದಲಿಸಬಹುದಾಗಿತ್ತು. ಇವೆರಡರ ಉದ್ದೇಶವೂ ಒಂದೇ. ಕುಸಿದದ್ದನ್ನು ಮರಳಿಸುವುದು ಬೇರೆ, ಇದ್ದುದನ್ನು ಮೀರಿಸುವುದು ಬೇರೆ. ಮೊದಲನೆಯದು ಹೊಂದಾಣಿಕೆ, ಎರಡನೆಯದು ವಿರೂಪ. ಈ ಭೇದವನ್ನು ಅರಿಯದವನ ಕೈಗೆ ಸ್ಪ್ಯಾನರ್ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಕ್ಕಾಲಿಯ ಪಾಠ

ಒಂಟಿ ಬೈಕಿನಲ್ಲಾದರೆ ಒಂದಿಂಚಿನ ಕಿತಾಪತಿ ಅಷ್ಟಿಷ್ಟರಲ್ಲಿ ಮುಗಿಯಬಹುದು. ಸೈಡ್‌ಕಾರ್ ಇರುವಲ್ಲಿ ಅದು ಮುಗಿಯುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿದ್ದ ಮುಕ್ಕಾಲಿಯನ್ನು ನೆನಪಿಸಿಕೊಳ್ಳಿ. ನಾಲ್ಕು ಕಾಲಿನ ಮಣೆ ಏರುತಗ್ಗಿನ ನೆಲದಲ್ಲಿ ಅಲುಗಾಡಿ ತನ್ನ ದೋಷವನ್ನು ತೋರಿಸಿಕೊಡುತ್ತದೆ. ಮುಕ್ಕಾಲಿ ಎಲ್ಲಿಟ್ಟರೂ ಅಲುಗಾಡದು. ಅದರ ಒಂದು ಕಾಲನ್ನು ಉದ್ದ ಮಾಡಿದರೂ ಅಲುಗಾಡದು; ಮೌನವಾಗಿ ವಾಲುತ್ತದೆ, ಅಷ್ಟೇ. ಸೈಡ್‌ಕಾರ್ ಜೋಡಿಸಿದ ಬೈಕು ಅಂಥದೊಂದು ಮುಕ್ಕಾಲಿ.

ಲೆಕ್ಕ ನೋಡಿ. ಎರಡು ಚಕ್ರಗಳ ನಡುವಿನ ಅಂತರ ಸುಮಾರು 1,400 ಮಿ.ಮೀ. ಎನ್ನೋಣ. ಸೈಡ್‌ಕಾರಿನ ಚಕ್ರ ಬೈಕಿನ ಹಿಂಚಕ್ರದ ನೇರದಲ್ಲಿರುವುದಿಲ್ಲ. ಸುಮಾರು ಒಂದು ಗೇಣಿನಷ್ಟು ಮುಂದಿರುತ್ತದೆ. ಬೈಕಿನ ಹಿಂಭಾಗವನ್ನು 25 ಮಿ.ಮೀ. ಎತ್ತಿದಾಗ, ಬಿಗಿದು ಕೂತ ಸೈಡ್‌ಕಾರಿನ ಚೌಕಟ್ಟೂ ಜೊತೆಗೆ ಏಳುತ್ತದೆ. ಅದರ ಚಕ್ರವಿರುವ ಜಾಗದಲ್ಲಿ ಈ ಏರಿಕೆ ಸುಮಾರು 21 ಮಿ.ಮೀ. ಆಗುತ್ತದೆ. ಆದರೆ ಆ ಚಕ್ರ ಗಾಳಿಯಲ್ಲಿ ತೇಲಲಾರದು. ಆದ್ದರಿಂದ ಇಡೀ ವಾಹನ ಸೈಡ್‌ಕಾರಿನ ಕಡೆಗೆ, ಅಂದರೆ ನಮ್ಮಲ್ಲಿ ಎಡಕ್ಕೆ, ವಾಲಿ ಆ ಚಕ್ರವನ್ನು ನೆಲಕ್ಕೆ ಮುಟ್ಟಿಸುತ್ತದೆ. ಬೈಕಿಗೂ ಸೈಡ್‌ಕಾರಿನ ಚಕ್ರಕ್ಕೂ ಅಡ್ಡಲಾಗಿ 1,150 ಮಿ.ಮೀ. ಅಂತರವಿದ್ದರೆ ಈ ವಾಲುವಿಕೆ ಸುಮಾರು ಒಂದು ಡಿಗ್ರಿ.

ಒಂದು ಡಿಗ್ರಿ ತಾನೇ ಎನ್ನಬೇಡಿ. ಸೈಡ್‌ಕಾರ್ ಜೋಡಿಸುವ ತಿಳಿವಳಿಕಸ್ಥರು ಬೈಕನ್ನು ಉದ್ದೇಶಪೂರ್ವಕವಾಗಿ ಹೊರಕ್ಕೆ, ಅಂದರೆ ಸೈಡ್‌ಕಾರಿನ ವಿರುದ್ಧ ದಿಕ್ಕಿಗೆ, ಒಂದೆರಡು ಡಿಗ್ರಿಯಷ್ಟು ವಾಲಿಸಿ ಬಿಗಿಯುತ್ತಾರೆ. ಏಕೆಂದರೆ ಸೈಡ್‌ಕಾರಿನ ಚಕ್ರದ ಎಳೆತ ವಾಹನವನ್ನು ಎಡಕ್ಕೆ ಎಳೆಯುತ್ತದೆ. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳೂ ನಡುವಿನಿಂದ ಎಡಕ್ಕೆ ಇಳಿಜಾರಾಗಿರುತ್ತವೆ. ಈ ಎರಡು ಎಳೆತಗಳಿಗೂ ಉತ್ತರವಾಗಿ ಆ ಹೊರವಾಲು ಇರುತ್ತದೆ. ಅಂದರೆ ನಿಮ್ಮ ಒಂದಿಂಚಿನ ಕಬ್ಬಿಣದ ತುಂಡು ಕುಶಲಿಯೊಬ್ಬ ಅಳೆದು ಸುರಿದು ಕೂಡಿಸಿದ್ದರ ಅರ್ಧವನ್ನೋ ಪೂರ್ತಿಯನ್ನೋ ಒಂದೇ ಏಟಿಗೆ ನುಂಗಿತು. ಇನ್ನು ಮುಂದೆ ದಿನವಿಡೀ ಹ್ಯಾಂಡಲನ್ನು ಬಲಕ್ಕೆ ಜಗ್ಗುತ್ತಲೇ ಇರಬೇಕು. ಸಂಜೆಯ ಹೊತ್ತಿಗೆ ಭುಜ ಸೋಲುತ್ತದೆ. ಸೋತ ಭುಜದ ಸವಾರ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಇಳಿಯಬೇಕು. ಪಕ್ಕದಲ್ಲಿ ಅವನ ತಾಯಿ ಕುಳಿತಿರುತ್ತಾರೆ.

ಹೆಡ್‌ಲೈಟಿನ ಕಥೆಯೂ ಇದೇ. ಹಿಂಭಾಗ ಎದ್ದಾಗ ಮುಂಭಾಗ ಒಂದು ಡಿಗ್ರಿ ತಲೆ ತಗ್ಗಿಸುತ್ತದೆ. 30 ಮೀಟರ್ ದೂರದಲ್ಲಿ ಬೆಳಕಿನ ಕಿರಣ ಅರ್ಧ ಮೀಟರಿನಷ್ಟು ಕೆಳಗಿಳಿಯುತ್ತದೆ. ಮಲೆನಾಡಿನ ಮಂಜಿನಲ್ಲಿ ಅರ್ಧ ಮೀಟರಿನ ಬೆಲೆ ಎಷ್ಟೆಂದು ಆ ಕಡೆಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಹಿಂಭಾಗ ಕುಸಿದಿದ್ದರೆ ಇದಕ್ಕೆ ವಿರುದ್ಧ: ಬೆಳಕು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಎರಡೂ ತಪ್ಪೇ.

ಎದುರುವಾದಗಳು

ಎತ್ತರಿಸುವವರ ಪಕ್ಷವನ್ನೂ ಕೇಳೋಣ. ವಾದವೆಂದ ಮೇಲೆ ಎದುರಾಳಿಯ ಒಳ್ಳೆಯ ಮಾತನ್ನು ಮುಚ್ಚಿಡಬಾರದು.

ಅವರ ಅತ್ಯಂತ ಸಮರ್ಥವಾದ ವಾದ ಇದು. ಸೈಡ್‌ಕಾರ್ ಇರುವ ಬೈಕು ತಿರುವಿನಲ್ಲಿ ವಾಲಲಾರದ್ದರಿಂದ ಹ್ಯಾಂಡಲನ್ನು ಬಲಪ್ರಯೋಗದಿಂದ ತಿರುಗಿಸಬೇಕಾಗುತ್ತದೆ. ಹ್ಯಾಂಡಲಿನ ಅಕ್ಷರೇಖೆಯನ್ನು ಕೆಳಕ್ಕೆ ಎಳೆದರೆ ಅದು ನೆಲವನ್ನು ಮುಟ್ಟುವ ಬಿಂದುವಿಗೂ ಮುಂಚಕ್ರ ನೆಲವನ್ನು ಮುಟ್ಟುವ ಬಿಂದುವಿಗೂ ನಡುವೆ ಅಂತರವಿದೆ. ಅದಕ್ಕೆ ಟ್ರೇಲ್ ಎಂದು ಹೆಸರು. ಟ್ರೇಲ್ ಕಡಿಮೆಯಾದರೆ ಹ್ಯಾಂಡಲು ಹಗುರವಾಗುತ್ತದೆ. ಹಿಂಭಾಗವನ್ನು ಎತ್ತಿದರೆ ಟ್ರೇಲ್ ಕಡಿಮೆಯಾಗುವುದು ಸತ್ಯ. ಆದರೆ ಎಷ್ಟು? ಹ್ಯಾಂಡಲಿನ ಓರೆ 27 ಡಿಗ್ರಿ, ಟ್ರೇಲ್ 100 ಮಿ.ಮೀ. ಇರುವ ಬೈಕಿನಲ್ಲಿ ಒಂದು ಡಿಗ್ರಿಯ ಬದಲಾವಣೆಯಿಂದ ಕಡಿಮೆಯಾಗುವುದು ಆರೇಳು ಮಿ.ಮೀ. ಮಾತ್ರ. ಈ ಅಲ್ಪಲಾಭಕ್ಕಾಗಿ ಹೊರವಾಲನ್ನು ಬಲಿ ಕೊಡಬೇಕೆ?

ಬಲ್ಲವರು ಈ ಕೆಲಸವನ್ನು ಹೇಗೆ ಮಾಡಿದರೆಂದು ನೋಡಿ. ಜರ್ಮನಿಯ ಬಿಎಂಡಬ್ಲ್ಯೂ ಕಂಪನಿ 1955ರಿಂದ 1969ರವರೆಗೆ ಅರ್ಲ್ಸ್ ಫೋರ್ಕ್ ಎಂಬ ಮುಂದೋಳಿನ ಬೈಕುಗಳನ್ನು ತಯಾರಿಸಿತು. ಆ ತೋಳಿನ ತಿರುಗಣಿಯನ್ನು ಕೂಡಿಸಲು ಎರಡು ಸ್ಥಾನಗಳಿದ್ದವು: ಒಂಟಿ ಬೈಕಿಗೆ ಒಂದು, ಸೈಡ್‌ಕಾರ್ ಜೋಡಿಸಿದಾಗ ಟ್ರೇಲ್ ತಗ್ಗಿಸಲು ಇನ್ನೊಂದು. ಸೈಡ್‌ಕಾರಿಗೆಂದೇ ಗಡುಸಾದ ಸ್ಪ್ರಿಂಗುಗಳನ್ನೂ ತಗ್ಗಿಸಿದ ಗೇರ್ ಅನುಪಾತವನ್ನೂ ಕೊಟ್ಟರು. ಹ್ಯಾಂಡಲಿನ ಸಮಸ್ಯೆಗೆ ಮುಂಭಾಗದಲ್ಲಿ ಪರಿಹಾರ, ಭಾರದ ಸಮಸ್ಯೆಗೆ ಸ್ಪ್ರಿಂಗಿನಲ್ಲಿ ಪರಿಹಾರ. ಹಿಂಭಾಗದ ಕೆಳಗೆ ತುಂಡು ಇಟ್ಟು ಎರಡನ್ನೂ ಒಟ್ಟಿಗೆ ಬಗೆಹರಿಸುವ ಜಾಣತನ ಅವರಿಗೆ ಹೊಳೆಯಲಿಲ್ಲ!

ಎರಡನೆಯ ವಾದ ರಸ್ತೆಯ ಉಬ್ಬುಗಳದು. ನಮ್ಮೂರ ಉಬ್ಬುಗಳಿಗೆ ತಳ ತಾಗುತ್ತದೆ, ಆದ್ದರಿಂದ ಎತ್ತರ ಬೇಕು ಎನ್ನುತ್ತಾರೆ. ತಳ ತಾಗುವುದು ಭಾರಕ್ಕೆ ಕುಸಿದಾಗ ತಾನೇ? ಸರಿಯಾದ ಸ್ಪ್ರಿಂಗು ಹಾಕಿ ಕುಸಿತ ನಿಲ್ಲಿಸಿದರೆ ಎತ್ತರ ತಾನಾಗಿ ಉಳಿಯುತ್ತದೆ.

ನನ್ನ ಪಕ್ಷದವರು ಹೇಳುವ ಒಂದು ಉತ್ಪ್ರೇಕ್ಷೆಯನ್ನೂ ಇಲ್ಲೇ ಅಲ್ಲಗಳೆಯಬೇಕು. ಎತ್ತರಿಸಿದರೆ ಗುರುತ್ವ ಕೇಂದ್ರ ಮೇಲೇರಿ ಗಾಡಿ ಮಗುಚಿಕೊಳ್ಳುತ್ತದೆ ಎಂದು ಹೆದರಿಸುತ್ತಾರೆ. ಎಡಕ್ಕೆ ತಿರುಗುವಾಗ ಖಾಲಿ ಸೈಡ್‌ಕಾರ್ ಮೇಲೇಳುವುದು ನಿಜವಾದ ಅಪಾಯವೇ. ಆದರೆ ಲೆಕ್ಕ ಹಾಕಿ ನೋಡಿ. ಸವಾರ, ಬೈಕು, ಖಾಲಿ ಸೈಡ್‌ಕಾರ್ ಸೇರಿ 340 ಕಿಲೋ. ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿ, ಬೈಕಿನ ಚಕ್ರಗಳ ರೇಖೆಯಿಂದ 19 ಸೆಂ.ಮೀ. ಎಡಕ್ಕೆ ಇದೆ ಎನ್ನಿ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 36 ಕಿ.ಮೀ. ವೇಗಕ್ಕೆ ಸೈಡ್‌ಕಾರ್ ಏಳುತ್ತದೆ. ಗುರುತ್ವ ಕೇಂದ್ರ ಎರಡು ಸೆಂ.ಮೀ. ಏರಿದರೆ ಆ ವೇಗದಲ್ಲಿ ಒಂದು ಕಿ.ಮೀ.ಯಷ್ಟೂ ವ್ಯತ್ಯಾಸವಿಲ್ಲ. ಅದೇ ಖಾಲಿ ಸೈಡ್‌ಕಾರಿನ ತಳದಲ್ಲಿ, ಚಕ್ರದ ಬಳಿ, 40 ಕಿಲೋ ಮರಳಿನ ಮೂಟೆ ಇಟ್ಟರೆ ಅದು 43ರ ಆಸುಪಾಸಿಗೆ ಏರುತ್ತದೆ. ಆದ್ದರಿಂದ ಎತ್ತರದ ಮೇಲೆ ನನ್ನ ಆರೋಪ ಮಗುಚಿಸುತ್ತದೆ ಎಂಬುದಲ್ಲ; ಸವಾರನ ಅರಿವಿಗೆ ಬಾರದಂತೆ ವಾಲಿಸುತ್ತದೆ ಮತ್ತು ಗಟ್ಟಿಯಾಯಿತೆಂಬ ಭ್ರಮೆ ಹುಟ್ಟಿಸುತ್ತದೆ ಎಂಬುದು. ಆ ಭ್ರಮೆಯಲ್ಲಿ ಜನ ಇನ್ನೂ 20 ಕಿಲೋ ಹೆಚ್ಚು ಹೇರುತ್ತಾರೆ.

ಮೂರನೆಯ ವಾದ: 'ಚೆನ್ನಾಗಿ ಕಾಣುತ್ತದೆ.' ಇದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ.

ಕಾನೂನಿನ ಮಾತನ್ನೂ ಸೇರಿಸುತ್ತೇನೆ. 1988ರ ಮೋಟಾರು ವಾಹನ ಕಾಯಿದೆ ಮೋಟಾರ್ ಸೈಕಲ್ ಎಂಬುದರ ವ್ಯಾಖ್ಯೆಯಲ್ಲೇ ಕಳಚಬಹುದಾದ ಸೈಡ್‌ಕಾರನ್ನು ಸೇರಿಸಿದೆ. ಅದೇ ಕಾಯಿದೆಯ 52ನೆಯ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಂದ ವಾಹನ ಬೇರೆಯಾಗುವಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿತು. ಯಾವ ಬದಲಾವಣೆಗೂ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಅಪಘಾತವಾದ ಮೇಲೆ ವಿಮೆಯವರ ಮುಂದೆ ವಿವರಣೆ ಕೊಡುತ್ತ ನಿಲ್ಲುವುದಕ್ಕಿಂತ ಅದು ಸುಲಭ.

ಮಾಡಬೇಕಾದದ್ದು

ಬೇಡ ಎಂದಷ್ಟೇ ಹೇಳಿ ಎದ್ದುಹೋಗುವುದು ಮೇಷ್ಟ್ರ ಲಕ್ಷಣವಲ್ಲ. ಒಂದು ಅಳತೆಪಟ್ಟಿ, ಒಂದು ನೋಟುಬುಕ್ಕು ತೆಗೆದುಕೊಳ್ಳಿ. ಹಿಂಚಕ್ರ ನೆಲ ಬಿಟ್ಟು ನೇತಾಡುವಂತೆ ನಿಲ್ಲಿಸಿ, ಅಚ್ಚಿನಿಂದ ನೇರ ಮೇಲಿರುವ ಒಂದು ಗುರುತಿಗೆ ಅಳೆಯಿರಿ. ಬೈಕು ತನ್ನ ಭಾರದಲ್ಲೇ ನಿಂತಾಗ ಮತ್ತೆ ಅಳೆಯಿರಿ. ಸವಾರ, ಸೈಡ್‌ಕಾರಿನಲ್ಲಿ ಕುಳಿತವರು, ಸಾಮಾನು ಎಲ್ಲವೂ ಸೇರಿದಾಗ ಮೂರನೆಯ ಸಲ ಅಳೆಯಿರಿ. ಮೊದಲನೆಯದರಿಂದ ಮೂರನೆಯದನ್ನು ಕಳೆದರೆ ಒಟ್ಟು ಕುಸಿತ. ಅದು ಶಾಕ್‌ನ ಪೂರ್ಣ ಚಲನೆಯ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕು ಎಂಬುದು ವಾಡಿಕೆ. 80 ಮಿ.ಮೀ. ಚಲನೆಗೆ 25ರಿಂದ 27. ಹೆಚ್ಚಿದ್ದರೆ ಪ್ರಿಲೋಡ್ ಏರಿಸಿ. ಕೊನೆಯ ಮೆಟ್ಟಿಲಿಗೂ ಅದು ಸರಿಹೋಗದಿದ್ದರೆ ಸ್ಪ್ರಿಂಗು ಬದಲಿಸಿ.

ಅದಕ್ಕೂ ಮೊದಲು ಹೇರನ್ನು ನೋಡಿ. ಎತ್ತಿನಗಾಡಿಗೆ ಹೇರು ಹಾಕುವ ರೈತನನ್ನು ಗಮನಿಸಿದ್ದೀರಾ? ನೊಗ ಎತ್ತಿನ ಕೊರಳಿಗೆ ಒತ್ತಬಾರದು, ಮೇಲಕ್ಕೂ ಏಳಬಾರದು. ಮೂಟೆಗಳನ್ನು ಹಿಂದೆ ಮುಂದೆ ಸರಿಸಿ ಅಚ್ಚಿನ ಮೇಲೆ ಸಮತೋಲ ತರುತ್ತಾನೆ. ಅವನು ಗಾಡಿಯ ಕಾಲನ್ನು ಉದ್ದ ಮಾಡುವುದಿಲ್ಲ. ನೀವೂ ಬೈಕಿನ ಬೆನ್ನ ಹಿಂದೆ ಪೇರಿಸಿದ ಪೆಟ್ಟಿಗೆಗಳನ್ನು ಇಳಿಸಿ ಸೈಡ್‌ಕಾರಿನ ತಳಕ್ಕೆ ಸೇರಿಸಿ. ಅರ್ಧ ಕುಸಿತ ಅಲ್ಲಿಯೇ ವಾಸಿಯಾದೀತು.

ಎತ್ತರದಲ್ಲಿ ಎಷ್ಟೇ ಬದಲಾವಣೆಯಾದರೂ, ಅದು ಹೊಸ ಸ್ಪ್ರಿಂಗಿನಿಂದಲೇ ಆಗಿರಲಿ, ಜೋಡಣೆಯನ್ನು ಮತ್ತೆ ಅಳೆಯಲೇಬೇಕು. ರಸಮಟ್ಟದಿಂದ ನೆಲ ಸಮತಟ್ಟೇ ಎಂದು ನೋಡಿ, ತೂಗುಗುಂಡು ಬಿಟ್ಟು ಬೈಕಿನ ಹೊರವಾಲನ್ನು ಪರೀಕ್ಷಿಸಿ. ಎರಡು ನೇರವಾದ ಪಟ್ಟಿಗಳನ್ನು ಚಕ್ರಗಳ ಪಕ್ಕಕ್ಕೆ ಇಟ್ಟು, ಸೈಡ್‌ಕಾರಿನ ಚಕ್ರ ಮುಂದಕ್ಕೆ ಎಷ್ಟು ಒಳಮುಖವಾಗಿದೆ ಎಂದು ಅಳೆಯಿರಿ. ಸಾಮಾನ್ಯವಾಗಿ ಅದು 10ರಿಂದ 25 ಮಿ.ಮೀ. ಇರುತ್ತದೆ. ಚೇನಿನ ಸಡಿಲವನ್ನೂ ಹೆಡ್‌ಲೈಟನ್ನೂ ಮರೆಯದಿರಿ.

ಮೆಕ್ಯಾನಿಕ್‌ರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಶಬ್ದ ಕೇಳಿಯೇ ಎಂಜಿನ್ನಿನ ರೋಗ ಹೇಳುವ ಕೈಗಳಿಗೆ ನಾನು ಕೈಮುಗಿಯುತ್ತೇನೆ. ಆದರೆ ಅಳೆಯದೆ ಕೊಟ್ಟ ಸಲಹೆ ಯಾರದೇ ಆಗಿರಲಿ, ಅದು ಊಹೆ. ಗಿರಾಕಿ ಕೇಳುವುದು ಎತ್ತರವನ್ನೇ ಆದರೆ ಅಂಗಡಿಯವನು ಎತ್ತರವನ್ನೇ ಮಾರುತ್ತಾನೆ. ಕೇಳುವ ಪ್ರಶ್ನೆಯನ್ನು ನಾವು ಬದಲಿಸಬೇಕು. 'ಎಷ್ಟು ಎತ್ತರಿಸುತ್ತೀರಿ?' ಎಂದು ಕೇಳಬೇಡಿ. 'ಈ ಭಾರಕ್ಕೆ ಇದು ಎಷ್ಟು ಕುಸಿಯುತ್ತದೆ?' ಎಂದು ಕೇಳಿ. ಉತ್ತರ ಮಿಲಿಮೀಟರಿನಲ್ಲಿ ಬಂದರೆ ಅಲ್ಲಿ ಕೆಲಸ ಮಾಡಿಸಿ. 'ಏನೂ ಆಗಲ್ಲ ಸಾರ್' ಎಂದು ಬಂದರೆ ಬೀಗದ ಕೈ ತೆಗೆದುಕೊಂಡು ಮನೆಗೆ ಬನ್ನಿ.

ಇತಿ,
ನಿಮ್ಮ ಮೇಷ್ಟ್ರು